ಖಾತೆ ಮಗನ ಹೆಸರಲ್ಲಿದೆ, ಸಹಿ ಯಾರ್ಯಾರದ್ದು ಬೇಕು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಶಿಕ್ಷಕ. ಹೆಂಡತಿಯೂ ಕೆಲಸದಲ್ಲಿದ್ದಾಳೆ. 30x40 ನಿವೇಶನದಲ್ಲಿರುವ ಎರಡಂತಸ್ತಿನ ಹಳೇ ಮನೆಯೊಂದನ್ನು 62 ಲಕ್ಷಕ್ಕೆ ಮಾತಾಡಿದ್ದೇವೆ. ಮಾರುವವರ ತಂದೆ 1989ರಲ್ಲಿ ಆ ಮನೆಯನ್ನು ಕ್ರಯಕ್ಕೆ ತೆಗೆದುಕೊಂಡಿದ್ದರು. 2011ರಲ್ಲಿ ತೀರಿಕೊಂಡರು. ವಿಲ್ ಬರೆದಿಲ್ಲ. ಆದರೆ "ಮನೆ ಮಗನಿಗೇ" ಎಂದು ನಾಲ್ಕು ಜನರ ಎದುರು ಹೇಳಿದ್ದರಂತೆ. ಈಗ ಖಾತೆ ಮಗನೊಬ್ಬರ ಹೆಸರಲ್ಲಿದೆ, ಕಂದಾಯವನ್ನೂ ಅವರೇ ಕಟ್ಟುತ್ತಿದ್ದಾರೆ. ತಾಯಿ ಇದ್ದಾರೆ. ಇಬ್ಬರು ಹೆಣ್ಣುಮಕ್ಕಳಿಗೂ 2005ಕ್ಕೆ ಮುಂಚೆಯೇ ಮದುವೆಯಾಗಿದೆ. ಕಿರಿಯ ಮಗಳು 2018ರಲ್ಲಿ ತೀರಿಕೊಂಡರು. ಅವರಿಗೆ 15 ವರ್ಷದ ಮಗಳಿದ್ದಾಳೆ, ಗಂಡ ಇನ್ನೊಂದು ಮದುವೆಯಾಗಿದ್ದಾರೆ. "ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಚಿನ್ನ ಕೊಟ್ಟು ಕಳಿಸಿದ್ದಾರೆ, ಅವರದ್ದೇನೂ ಇಲ್ಲ. ಬೇಕಿದ್ರೆ ದೊಡ್ಡಕ್ಕ ಸಾಕ್ಷಿ ಸಹಿ ಹಾಕ್ತಾರೆ" ಎಂದು ಬ್ರೋಕರ್ ಹೇಳುತ್ತಾರೆ. ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಏನೂ ಇಲ್ಲ. ಬ್ಯಾಂಕಿನವರು ಸಾಲ ಕೊಡಲು ತಯಾರಿದ್ದಾರೆ. ಕೆಳಗಿನ ಮನೆಯನ್ನು 6 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದಾರೆ. ರಿಜಿಸ್ಟ್ರೇಷನ್ 40 ಲಕ್ಷಕ್ಕೆ ಮಾಡಿಸಿ, ಉಳಿದ 22 ಲಕ್ಷ ಕ್ಯಾಶ್ ಕೊಡಿ ಎನ್ನುತ್ತಾರೆ. ಈ ವಾರವೇ 5 ಲಕ್ಷ ಅಡ್ವಾನ್ಸ್ ಬೇಕಂತೆ. ಕೊಡಬಹುದಾ? ಮನೆಯನ್ನು ಹೆಂಡತಿಯ ಹೆಸರಲ್ಲಿ ಮಾಡಿಸಿದರೆ ಒಳ್ಳೆಯದಾ?

ಉತ್ತರ: ಈ ವಾರ 5 ಲಕ್ಷ ಕೊಡಬೇಡಿ.

ಮನೆಯೇ ಬೇಡ ಎನ್ನುತ್ತಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಸರಿಯಾದ ದಾರಿಯಲ್ಲಿ ಹೋದರೆ ಕೊಳ್ಳಬಹುದಾದ ಮನೆಯೇ. ಆದರೆ ಬ್ರೋಕರ್ ತೋರಿಸುತ್ತಿರುವ ದಾರಿಯಲ್ಲಿ ಹೋದರೆ ನೀವು 62 ಲಕ್ಷ ಕೊಟ್ಟು ಕಾಲು ಮನೆ ಕೊಳ್ಳುತ್ತೀರಿ. ಹೆದರಿಸಲು ಹೇಳುತ್ತಿಲ್ಲ, ಲೆಕ್ಕವೇ ಹಾಗಿದೆ. ಅದನ್ನು ಮೊದಲು ಬಿಡಿಸುತ್ತೇನೆ. ಇದು ಹಿಂದೂ ಕುಟುಂಬ ಎಂದುಕೊಂಡು ಬರೆಯುತ್ತಿದ್ದೇನೆ. ಮುಸ್ಲಿಂ ಅಥವಾ ಕ್ರೈಸ್ತ ಕುಟುಂಬವಾದರೆ ಪಾಲಿನ ಲೆಕ್ಕ ಬೇರೆ.

ಕಾಲು ಪಾಲು ಹೇಗೆ?

ತಂದೆ 1989ರಲ್ಲಿ ತಮ್ಮ ದುಡ್ಡಿನಲ್ಲಿ ಕೊಂಡ ಮನೆ ಅವರ ಸ್ವಯಾರ್ಜಿತ. ಬದುಕಿರುವಾಗ ಅದನ್ನು ಯಾರಿಗೆ ಬೇಕಾದರೂ ಮಾರಬಹುದಿತ್ತು, ದಾನ ಕೊಡಬಹುದಿತ್ತು, ವಿಲ್ ಬರೆಯಬಹುದಿತ್ತು. ಏನೂ ಮಾಡದೆ ತೀರಿಕೊಂಡರು. ಆ ಕ್ಷಣದಲ್ಲೇ, ಯಾವ ಕಚೇರಿಗೂ ಹೋಗದೆ, ಯಾವ ಪತ್ರವೂ ಆಗದೆ, ಮನೆ ವಾರಸುದಾರರಿಗೆ ಸೇರಿಹೋಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಸತ್ತವರ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು ಪಾಲು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು ಎಂದುಕೊಳ್ಳೋಣ. ಆಗ ತಾಯಿಗೆ ಕಾಲು, ಮಗನಿಗೆ ಕಾಲು, ಇಬ್ಬರು ಹೆಣ್ಣುಮಕ್ಕಳಿಗೆ ಕಾಲು ಕಾಲು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಹರಡಿದೆ. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ 2005ರಲ್ಲಿ, ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಅಂತ. ನನ್ನ ಕಚೇರಿಗೆ ಬರುವ ಹತ್ತರಲ್ಲಿ ಆರೇಳು ಜನ ಇದನ್ನೇ ಹೇಳುತ್ತಾರೆ, ಓದಿದವರೂ ಹೇಳುತ್ತಾರೆ. 2005ರ ತಿದ್ದುಪಡಿ ಪಿತ್ರಾರ್ಜಿತ, ಅಂದರೆ ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ತಂದೆಯ ಸ್ವಂತ ಆಸ್ತಿಯಲ್ಲಿ, ವಿಲ್ ಇಲ್ಲದಿದ್ದರೆ, ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ. ಮದುವೆ ಯಾವಾಗ ಆಯಿತು, ಎಷ್ಟು ಚಿನ್ನ ಹಾಕಿದರು ಎನ್ನುವುದು ಆ ಪಾಲನ್ನು ಕಳೆಯುವುದಿಲ್ಲ.

ಒಂದು ವೇಳೆ 1989ರ ಪತ್ರ ತೆಗೆದು ನೋಡಿದಾಗ ಈ ಮನೆ ತಂದೆಗೆ ಅಜ್ಜನ ಆಸ್ತಿಯ ವಿಭಾಗದಲ್ಲಿ ಬಂದದ್ದು ಅಥವಾ ಪಿತ್ರಾರ್ಜಿತದ ದುಡ್ಡಿನಿಂದ ಕೊಂಡದ್ದು ಎಂದು ಗೊತ್ತಾದರೆ ಲೆಕ್ಕ ಇನ್ನೂ ಸಿಕ್ಕಾಗುತ್ತದೆ. ಆಗ ಮಗನ ಮಕ್ಕಳೂ ಹುಟ್ಟಿನಿಂದ ಪಾಲುದಾರರಾಗಬಹುದು. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಇಂಥ ಆಸ್ತಿಯಲ್ಲಿ ಹಕ್ಕು ಕೊಟ್ಟಿದ್ದರು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಅದು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾಗಿತ್ತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಇದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ನಿಮ್ಮ ವಿಷಯದಲ್ಲಿ ಕ್ರಯಪತ್ರ ಇದೆ ಎಂದಿದ್ದೀರಿ, ಹಾಗಾಗಿ ಸ್ವಯಾರ್ಜಿತ ಎಂದೇ ಮುಂದುವರಿಯುತ್ತೇನೆ.

"ಮನೆ ಮಗನಿಗೇ" ಎಂದು ಬಾಯಲ್ಲಿ ಹೇಳಿದ್ದು? ಹಿಂದೂಗಳಲ್ಲಿ ವಿಲ್ ಬರವಣಿಗೆಯಲ್ಲೇ ಇರಬೇಕು. ಬರೆದವರ ಸಹಿ ಇರಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬಾಯಿಮಾತಿಗೆ ನಾಲ್ಕಲ್ಲ, ನಲವತ್ತು ಜನ ಸಾಕ್ಷಿ ಇದ್ದರೂ ಅದು ವಿಲ್ ಆಗುವುದಿಲ್ಲ.

ತೀರಿಕೊಂಡ ಮಗಳ ಪಾಲು

ಬ್ರೋಕರ್ ಮಾತಿನಲ್ಲಿ ನುಣುಚಿಕೊಂಡು ಹೋಗಿದ್ದು ಈ ಭಾಗ. ನನಗೆ ಜಾಸ್ತಿ ಚಿಂತೆ ಇರುವುದೂ ಇಲ್ಲೇ.

ಕಿರಿಯ ಮಗಳು ತಂದೆಗಿಂತ ಏಳು ವರ್ಷ ಆಮೇಲೆ ತೀರಿಕೊಂಡಿದ್ದಾರೆ. ಅಂದರೆ 2011ರಲ್ಲೇ ಕಾಲು ಮನೆ ಅವರದಾಗಿತ್ತು. 2018ರಲ್ಲಿ ಆ ಕಾಲು ಅವರ ವಾರಸುದಾರರಿಗೆ ಹೋಯಿತು. ಅವರು ಯಾರು? ಗಂಡ ಮತ್ತು ಮಗಳು. ಇಬ್ಬರಿಗೂ ಅರ್ಧರ್ಧ, ಅಂದರೆ ಇಡೀ ಮನೆಯಲ್ಲಿ ಎಂಟನೇ ಒಂದು ಪಾಲು. ಆಮೇಲೆ ಗಂಡ ಬೇರೆ ಮದುವೆಯಾದರೂ ಒಮ್ಮೆ ಬಂದ ಪಾಲು ವಾಪಸ್ ಹೋಗುವುದಿಲ್ಲ. ಆಕೆ ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಕಥೆ ಬೇರೆ. ಆಗ ಪಾಲು ನೇರವಾಗಿ ಮಗುವಿಗೆ ಬರುತ್ತಿತ್ತು, ಗಂಡನಿಗೆ ಇರುತ್ತಿರಲಿಲ್ಲ. ಮಕ್ಕಳೇ ಇಲ್ಲದಿದ್ದರೆ ತಂದೆಯಿಂದ ಬಂದ ಆ ಪಾಲು ತವರಿಗೇ ತಿರುಗುತ್ತಿತ್ತು. ಅದಕ್ಕೇ ನಾನು ಯಾರೇ ಬಂದರೂ ಮೊದಲು ಮರಣ ಪ್ರಮಾಣಪತ್ರಗಳನ್ನು ಕೇಳುವುದು. ಯಾರು ಸತ್ತರು ಅನ್ನುವುದರ ಜೊತೆಗೆ ಯಾರು ಮೊದಲು ಸತ್ತರು ಅನ್ನುವುದೂ ಬೇಕು.

62 ಲಕ್ಷದ ಲೆಕ್ಕದಲ್ಲಿ ಆ 15 ವರ್ಷದ ಹುಡುಗಿಯ ಪಾಲು 7.75 ಲಕ್ಷ. ಅದನ್ನು ಮಾರುವ ಅಧಿಕಾರ ಸೋದರಮಾವನಿಗೆ ಇಲ್ಲ. ಆಕೆಯ ತಂದೆಗೂ ತಾನಾಗಿ ಇಲ್ಲ. ಅವರು ಸಹಜ ಪೋಷಕರು ನಿಜ. ಆದರೆ ಮೈನರ್‌ನ ಸ್ವಂತ ಸ್ಥಿರಾಸ್ತಿಯನ್ನು ಮಾರಲು 1956ರ ಪೋಷಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಕೋರ್ಟಿನ ಅನುಮತಿ ಬೇಕು. ಮಾರುವುದು ಅನಿವಾರ್ಯ ಅಥವಾ ಮಗುವಿಗೆ ಸ್ಪಷ್ಟವಾಗಿ ಲಾಭ ಎಂದು ಕಂಡರೆ ಮಾತ್ರ ಕೋರ್ಟು ಒಪ್ಪುತ್ತದೆ. ಸಾಮಾನ್ಯವಾಗಿ ಮಗುವಿನ ಹಣವನ್ನು 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಲು ಹೇಳುತ್ತದೆ. ತಾಯಿ ಇಲ್ಲದ, ತಂದೆ ಬೇರೆ ಸಂಸಾರ ಹೂಡಿದ ಮಗುವಿನ ವಿಷಯದಲ್ಲಿ ಈ ಕಟ್ಟುಪಾಡು ಇರುವುದು ನ್ಯಾಯವೇ ಅಲ್ವಾ?

ಅನುಮತಿ ಇಲ್ಲದೆ ಅಪ್ಪ ಸಹಿ ಹಾಕಿದರೆ ಆ ಮಾರಾಟ ಅಲ್ಲಿಗೇ ರದ್ದಾಗುವುದಿಲ್ಲ. ಆದರೆ ರದ್ದು ಮಾಡಿಸುವ ಹಕ್ಕು ಹುಡುಗಿಗೆ ಉಳಿಯುತ್ತದೆ. 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆಕೆ ದಾವೆ ಹಾಕಬಹುದು. ದಾವೆಯೇ ಬೇಕೆಂದಿಲ್ಲ, ಆ ಅವಧಿಯೊಳಗೆ ಬೇರೆಯವರಿಗೆ ಮಾರುವಂಥ ತನ್ನ ನಡೆಯಿಂದಲೇ ಹಳೇ ಮಾರಾಟವನ್ನು ತಳ್ಳಿಹಾಕಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ನಮ್ಮ ದಾವಣಗೆರೆಯ ನಿವೇಶನಗಳ ವ್ಯಾಜ್ಯದಲ್ಲಿ. ಅಂದರೆ ನೀವು ಈಗ ಕೊಂಡರೆ ಇನ್ನು ಆರು ವರ್ಷ ಅರ್ಧ ನಿದ್ದೆಯಲ್ಲೇ ಕಳೆಯಬೇಕು.

ಖಾತೆ, ಇಸಿ, ಬ್ಯಾಂಕು

ಮತ್ತೆ ಖಾತೆ ಮಗನೊಬ್ಬರ ಹೆಸರಿಗೆ ಹೇಗಾಯಿತು? ಇದರಲ್ಲಿ ಮೋಸ ಇದೆ ಎಂದೇನೂ ನಾನು ಹೇಳುವುದಿಲ್ಲ. ತಂದೆ ಹೋದ ಮೇಲೆ ಪೌತಿ ಖಾತೆ ಮಾಡಿಸುವಾಗ, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವಾಗ, ಮನೆಯವರೆಲ್ಲ ಸೇರಿ, "ಓಡಾಡುವವನು ಅವನೇ, ಅವನ ಹೆಸರಿಗೇ ಆಗಲಿ" ಎಂದು ಒಪ್ಪಿಗೆ ಬರೆದುಕೊಡುವುದು ನಮ್ಮ ಕಡೆ ಮಾಮೂಲು. ಪುರಸಭೆಗೆ ಬೇಕಿರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಎನ್ನುವುದು. ಖಾತೆ ಆ ವಸೂಲಿಯ ಪುಸ್ತಕ. ಅದು ಮಾಲೀಕತ್ವ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. 2024ರ ಅಕ್ಟೋಬರ್‌ನಿಂದ ನಮ್ಮಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಈ ಗೊಂದಲ ಇನ್ನೂ ಹೆಚ್ಚಿದೆ. ಕಂಪ್ಯೂಟರ್‌ನಲ್ಲಿ ಫೋಟೊ ಸಮೇತ ಬಂದ ಕೂಡಲೇ ಜನ ಅದನ್ನು ಹಕ್ಕುಪತ್ರ ಎಂದುಕೊಳ್ಳುತ್ತಾರೆ. ಇ-ಖಾತೆ ಬೇಕು, ಅದಿಲ್ಲದೆ ರಿಜಿಸ್ಟ್ರೇಷನ್ ಮುಂದೆ ಹೋಗುವುದಿಲ್ಲ. ಆದರೆ ಅಕ್ಕತಂಗಿಯರ ಪಾಲನ್ನು ಅದು ಅಳಿಸುವುದಿಲ್ಲ.

ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದರೆ ಪಾಲು ಬಿಟ್ಟಂತಲ್ಲವೇ ಎಂದು ಕೇಳಬಹುದು. ಅಲ್ಲ. ಸ್ಥಿರಾಸ್ತಿಯಲ್ಲಿರುವ ಪಾಲನ್ನು ಬಿಟ್ಟುಕೊಡಲು ನೋಂದಣಿಯಾದ ಹಕ್ಕು ಖುಲಾಸೆ ಪತ್ರ ಬೇಕು. 1908ರ ನೋಂದಣಿ ಕಾಯ್ದೆಯಲ್ಲಿ 100 ರೂಪಾಯಿಗಿಂತ ಮೇಲ್ಪಟ್ಟ ಹಕ್ಕಿಗೆ ಇದು ಕಡ್ಡಾಯ. ಆ 100 ರೂಪಾಯಿ ಇಂದಿಗೂ ಹಾಗೇ ಇದೆ. ಛಾಪಾ ಕಾಗದದ ಮೇಲೆ ನೋಟರಿ ಸೀಲು ಹೊಡೆಸಿದ ಒಪ್ಪಿಗೆಯಿಂದ ಪಾಲು ಕೈಬದಲಾಗುವುದಿಲ್ಲ.

ಇಸಿಯಲ್ಲಿ ಏನೂ ಇಲ್ಲ ಎಂದಿದ್ದೀರಿ. ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣಲು ಸಾಧ್ಯವೂ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳನ್ನು ಮಾತ್ರ ಇಸಿ ತೋರಿಸುತ್ತದೆ. ಸಾವು ನೋಂದಣಿಯಾಗುವುದು ಬೇರೆ ಪುಸ್ತಕದಲ್ಲಿ. ವಾರಸುದಾರಿಕೆ, ನೋಂದಣಿಯಾಗದ ವಿಲ್, ಕೈಬರಹದ ಅಗ್ರಿಮೆಂಟು, ಭೋಗ್ಯದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಇವು ಯಾವುವೂ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವರು ಆ ತೀರ್ಪಿಗೆ ಬದ್ಧರು, "ನನಗೆ ಗೊತ್ತಿರಲಿಲ್ಲ" ಎಂದರೆ ನಡೆಯುವುದಿಲ್ಲ. ಹಾಗಾಗಿ ಇ-ಕೋರ್ಟ್ಸ್ ಜಾಲತಾಣದಲ್ಲಿ ತಾಯಿ, ಮಗ, ಇಬ್ಬರು ಹೆಣ್ಣುಮಕ್ಕಳು, ತೀರಿಕೊಂಡ ಮಗಳ ಗಂಡ ಎಲ್ಲರ ಹೆಸರನ್ನೂ ಹಾಕಿ ಹುಡುಕಿಸಿ. ಕಾಗುಣಿತ ಬದಲಿಸಿ ಬದಲಿಸಿ ಹುಡುಕಬೇಕು, ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹತ್ತು ಥರ ಬರೆಯುತ್ತಾರೆ.

ಬ್ಯಾಂಕಿನ ವಿಷಯ ಚಿಕ್ಕದು. ಬ್ಯಾಂಕಿನ ವಕೀಲರು ಕೊಡುವ ವರದಿ ಬ್ಯಾಂಕಿಗಾಗಿ. ನಾಳೆ ಮನೆಯ ಹಕ್ಕಿನಲ್ಲಿ ತೊಂದರೆ ಬಂದರೂ ನಿಮ್ಮ ಸಂಬಳದಿಂದ ಕಂತು ಕಡಿತವಾಗುತ್ತಲೇ ಇರುತ್ತದೆ.

ಇನ್ನೊಂದು ಮಾತು ಬ್ರೋಕರ್ ಬಾಯಿಂದ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. "ಹನ್ನೆರಡು ವರ್ಷ ಸುಮ್ನಿದ್ರು, ಅವರ ಹಕ್ಕು ಮುಗೀತು." ಹನ್ನೆರಡು ವರ್ಷದ ನಿಯಮ ಇರುವುದು ನಿಜ. ಆದರೆ ಪಾಲುದಾರರ ನಡುವೆ ಅದು ಅಷ್ಟು ಸುಲಭವಾಗಿ ಓಡುವುದಿಲ್ಲ. ಅಣ್ಣ ಮನೆಯಲ್ಲಿದ್ದಾನೆ ಎಂದರೆ ಎಲ್ಲರ ಪರವಾಗಿ ಇದ್ದಾನೆ ಎಂದೇ ಕಾನೂನು ನೋಡುತ್ತದೆ. "ನಿಮಗೆ ಪಾಲಿಲ್ಲ" ಎಂದು ಬಹಿರಂಗವಾಗಿ ನಿರಾಕರಿಸಿ, ಅವರನ್ನು ಹೊರಗಿಟ್ಟು ಹನ್ನೆರಡು ವರ್ಷ ಕಳೆದಿರಬೇಕು. ಹಬ್ಬಕ್ಕೆ ತಂಗಿ ಬಂದು ಬಾಗಿನ ತಗೊಂಡು ಹೋಗುತ್ತಿದ್ದ ಮನೆಯಲ್ಲಿ ಇದನ್ನು ಸಾಬೀತು ಮಾಡುವುದು ಕಷ್ಟ.

ಸಹಿ ಇಲ್ಲದೆ ಕೊಂಡರೆ ಏನಾಗುತ್ತದೆ?

ಮಗನೊಬ್ಬನೇ ಬರೆದುಕೊಟ್ಟ ಕ್ರಯಪತ್ರ ಪೂರ್ತಿ ಬಿದ್ದುಹೋಗುವುದಿಲ್ಲ. ಅವನ ಪಾಲಿನ ಮಟ್ಟಿಗೆ ಅದು ನಿಲ್ಲುತ್ತದೆ. ನೀವು ಕಾಲು ಮನೆಯ ಮಾಲೀಕರಾಗುತ್ತೀರಿ. ಹಾಗಾದರೆ ಕಾಲು ಮನೆಯಲ್ಲಾದರೂ ಇರಬಹುದಾ? ಅದೂ ಇಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಂ ಪ್ರಕಾರ, ಪಾಲಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವರಿಗೆ ಉಳಿದವರ ಜೊತೆ ಸೇರಿ ವಾಸಿಸುವ ಹಕ್ಕಿಲ್ಲ. ನೀವು ಪಾಲಿಗಾಗಿ ದಾವೆ ಹಾಕಬೇಕು. ಆಗ 1893ರ ವಿಭಾಗ ಕಾಯ್ದೆಯಡಿ ಉಳಿದವರು, "ಇವರ ಪಾಲನ್ನು ನಾವೇ ಕೊಳ್ಳುತ್ತೇವೆ" ಎಂದು ಕೇಳಬಹುದು. ಕೋರ್ಟು ಬೆಲೆ ಕಟ್ಟಿಸಿ ಅವರಿಗೇ ಕೊಡಿಸಬಹುದು. ಇಷ್ಟಾಗುವಷ್ಟರಲ್ಲಿ ವರ್ಷಗಟ್ಟಲೆ ಕಳೆದಿರುತ್ತದೆ. ಉಳಿದ ಹಣಕ್ಕೆ ನೀವು ಮಾರಿದವನ ಹಿಂದೆ ಅಲೆಯಬೇಕು.

ನನ್ನ ಬಳಿ ಬಂದಿದ್ದ ಒಬ್ಬರ ಪ್ರಕರಣ ಹೇಳುತ್ತೇನೆ. ಅವರ ಪತ್ರದಲ್ಲಿ ಅಕ್ಕ "ಸಾಕ್ಷಿ" ಎಂದು ಸಹಿ ಹಾಕಿದ್ದರು. ನಾಲ್ಕು ವರ್ಷ ಆದ ಮೇಲೆ ಅದೇ ಅಕ್ಕ ಪಾಲಿಗೆ ದಾವೆ ಹಾಕಿದರು. "ತಮ್ಮ ಕರೆದ, ಸಹಿ ಹಾಕು ಅಂದ, ಹಾಕಿದೆ. ಒಳಗೆ ಏನು ಬರೆದಿತ್ತೋ ಗೊತ್ತಿಲ್ಲ" ಎಂದರು. ಕಾನೂನಿನಲ್ಲಿ ಆ ಮಾತಿಗೆ ಬೆಲೆಯಿದೆ. ಸಾಕ್ಷಿ ಸಹಿ ಹೇಳುವುದು, ಬರೆದುಕೊಟ್ಟವರು ತನ್ನೆದುರು ಸಹಿ ಮಾಡಿದರು ಎಂದಷ್ಟೇ. ಪತ್ರದಲ್ಲಿರುವುದು ಗೊತ್ತಿತ್ತು, ಒಪ್ಪಿದ್ದೆ, ನನ್ನ ಪಾಲು ಬಿಟ್ಟೆ ಎಂದು ಅಷ್ಟರಿಂದಲೇ ಆಗುವುದಿಲ್ಲ. ನನ್ನ ಕಕ್ಷಿದಾರರು ಕೊನೆಗೆ ಆಕೆಗೆ ಇನ್ನೊಂದಷ್ಟು ಲಕ್ಷ ಕೊಟ್ಟು ರಾಜಿ ಮಾಡಿಕೊಂಡರು. ಆಕೆ ಕೆಟ್ಟವರಲ್ಲ. ತಮ್ಮ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ, ಅಷ್ಟೇ.

"ಒಪ್ಪಿಗೆ ಸಾಕ್ಷಿ" ಎಂದು ಬರೆಸುವ ರೂಢಿಯೂ ನಮ್ಮ ಪತ್ರ ಬರಹಗಾರರಲ್ಲಿದೆ. ಬರೀ ಸಾಕ್ಷಿಗಿಂತ ಅದು ವಾಸಿ. ಆದರೂ ಆಕೆಯೇ ಮಾರಾಟಗಾರರಾಗಿ ಬರುವಾಗ ಈ ಬಳಸುದಾರಿ ಯಾಕೆ?

ನಿಮ್ಮ ಮುಂದಿರುವ ದಾರಿಗಳು

ನಾನು ಒಪ್ಪುವ ದಾರಿ ಒಂದೇ. ತಾಯಿ, ಮಗ, ದೊಡ್ಡ ಮಗಳು, ಅಳಿಯ (ತೀರಿಕೊಂಡ ಮಗಳ ಗಂಡ), ಈ ನಾಲ್ವರೂ ಮಾರಾಟಗಾರರಾಗಿ ಒಂದೇ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಅಳಿಯ ತಮ್ಮ ಪಾಲಿಗೆ ಒಂದು ಸಹಿ, ಕೋರ್ಟಿನ ಅನುಮತಿ ಪಡೆದು ಮಗಳ ಪರವಾಗಿ ಇನ್ನೊಂದು. ಹಣ ಪ್ರತಿಯೊಬ್ಬರ ಬ್ಯಾಂಕ್ ಖಾತೆಗೆ ಬೇರೆ ಬೇರೆಯಾಗಿ ಹೋಗಲಿ. ಆಮೇಲೆ ಅವರು ಮನೆಯೊಳಗೆ ಹಂಚಿಕೊಂಡರೋ, ಮಗನಿಗೇ ವಾಪಸ್ ಕೊಟ್ಟರೋ ಅದು ಅವರಿಷ್ಟ. ದುಡ್ಡು ತನ್ನ ಖಾತೆಗೆ ಬಂದಿರುವವರಿಗೆ "ನನಗೆ ಗೊತ್ತೇ ಇರಲಿಲ್ಲ" ಎನ್ನುವುದು ಕಷ್ಟ.

ಎರಡನೆಯದು, ತಾಯಿ ಮತ್ತು ದೊಡ್ಡ ಮಗಳು ಮಗನಿಗೆ ಮೊದಲು ಹಕ್ಕು ಖುಲಾಸೆ ಪತ್ರ ನೋಂದಣಿ ಮಾಡಿಕೊಡುವುದು, ಆಮೇಲೆ ಮಗ ನಿಮಗೆ ಮಾರುವುದು. ಕುಟುಂಬದೊಳಗಿನ ಖುಲಾಸೆಗೆ ಮುದ್ರಾಂಕ ಶುಲ್ಕ ತೀರಾ ಕಡಿಮೆ, ಹಾಗಾಗಿ ಮಾರುವವರು ಇದನ್ನೇ ಇಷ್ಟಪಡುತ್ತಾರೆ. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಅಕ್ಕನಿಗೆ ಏನೂ ಸಿಗದ ಖುಲಾಸೆಯನ್ನು ಮುಂದೊಂದು ದಿನ "ಮೋಸದಿಂದ ಬರೆಸಿಕೊಂಡರು" ಎಂದು ಪ್ರಶ್ನಿಸುವ ಸಾಧ್ಯತೆ ಹೆಚ್ಚು. ಮತ್ತೆ ಇದರಿಂದ ಹುಡುಗಿಯ ಪಾಲಿನ ಸಮಸ್ಯೆ ಒಂದಿಂಚೂ ಸರಿಯುವುದಿಲ್ಲ. ಖುಲಾಸೆಗೂ ಕೋರ್ಟಿನ ಅನುಮತಿ ಬೇಕು. ಹಣವಿಲ್ಲದೆ ಮೈನರ್ ಪಾಲು ಬಿಟ್ಟುಕೊಡಲು ಯಾವ ನ್ಯಾಯಾಧೀಶರೂ ಒಪ್ಪುವುದನ್ನು ನಾನು ನೋಡಿಲ್ಲ.

ಮೂರನೆಯದು ಮಗನಿಂದ ಅಫಿಡವಿಟ್ಟು, "ಮುಂದೆ ಯಾರೇ ತಕರಾರು ಮಾಡಿದರೂ ನಾನೇ ಜವಾಬ್ದಾರ" ಎಂಬ ಭರವಸೆ ಪತ್ರ. ಬ್ರೋಕರ್ ಇದನ್ನು ಖಂಡಿತ ಮುಂದಿಡುತ್ತಾರೆ. ಅದು ಮನೆಯನ್ನು ಉಳಿಸುವುದಿಲ್ಲ. ಮಗನಿಂದ ಹಣ ಕೇಳುವ ಹಕ್ಕು ಕೊಡುತ್ತದೆ. ಆ ಹೊತ್ತಿಗೆ ಅವನ ಹತ್ತಿರ ಹಣ ಇರಬೇಕಷ್ಟೆ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದೂ ಹೀಗೇ. ಕೊಡಿ, ಗೊತ್ತಿಲ್ಲದ ತಕರಾರು ಹೊರಬರಬಹುದು. ಆದರೆ 15 ದಿನದೊಳಗೆ ಪತ್ರಿಕೆ ಓದದ ಕಾರಣಕ್ಕೆ ಯಾರ ಪಾಲೂ ಹೋಗುವುದಿಲ್ಲ.

ಕೋರ್ಟಿನ ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ. "ಅಷ್ಟೆಲ್ಲ ಕಾಯೋಕಾಗಲ್ಲ, ಬೇರೆ ಪಾರ್ಟಿ ಇದೆ" ಎನ್ನುತ್ತಾರೆ. ಅನ್ನಲಿ. ಅಳಿಯನನ್ನು ಸಂಪರ್ಕಿಸಲೇ ಅವರು ತಯಾರಿಲ್ಲದಿದ್ದರೆ ಈ ಮನೆಯನ್ನು ಬಿಟ್ಟುಬಿಡಿ. ಅಂಥ ಬೇರೆ ಪಾರ್ಟಿ ನೀವಾಗಬೇಡಿ.

ಒಂದು ಸಣ್ಣ ಮಾತು, ತಾಯಿಯ ಬಗ್ಗೆ. ವಯಸ್ಸಾದ ಅಮ್ಮನನ್ನು ಕರೆತಂದು ಹೆಬ್ಬೆಟ್ಟು ಒತ್ತಿಸುವುದನ್ನು ನೋಂದಣಿ ಕಚೇರಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೀವು ಒಮ್ಮೆ ಅವರ ಹತ್ತಿರ ಕೂತು ಮಾತಾಡಿ. ಮನೆ ಮಾರಿದ ಮೇಲೆ ಅವರು ಎಲ್ಲಿರುತ್ತಾರೆ, ಅವರ ಕಾಲು ಪಾಲಿನ 15.5 ಲಕ್ಷ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೇ ಗೊತ್ತಿದೆಯಾ ನೋಡಿ. ಸಂಕೋಚ ಬೇಡ. ಕೊಳ್ಳುವವರು ಕೇಳುವ ಪ್ರಶ್ನೆಯೇ ಇದು.

ಭೋಗ್ಯದವರು

ಕೆಳಗಿನ ಮನೆಯವರ ಕರಾರು ನೋಂದಣಿಯಾಗಿಲ್ಲದೆ ಇರಬಹುದು, ಇಸಿಯಲ್ಲಿ ಕಾಣದಿರಬಹುದು. ಆದರೆ ಅವರು ಮನೆಯಲ್ಲಿ ವಾಸ ಇದ್ದಾರೆ ಎನ್ನುವುದೇ ನಿಮಗೆ ಕಾನೂನಿನ ನೋಟಿಸ್ ಇದ್ದ ಹಾಗೆ. ನೀವು ಮಾಲೀಕರಾದ ದಿನದಿಂದ "ನಮ್ಮ 6 ಲಕ್ಷ ಕೊಡಿ, ಖಾಲಿ ಮಾಡ್ತೀವಿ" ಎಂದು ಅವರು ನಿಮ್ಮ ಮುಖ ನೋಡುತ್ತಾರೆ. ಅವರನ್ನು ಬೈಯುವ ಹಾಗೂ ಇಲ್ಲ. ಈಗಲೇ ಹೋಗಿ ಕರಾರಿನ ಪ್ರತಿ ಕೇಳಿ. ಎಷ್ಟು ಕೊಟ್ಟಿದ್ದಾರೆ, ಅವಧಿ ಯಾವಾಗ ಮುಗಿಯುತ್ತದೆ, ಕರಾರಿಗೆ ಯಾರು ಸಹಿ ಹಾಕಿದ್ದಾರೆ ನೋಡಿ. ಬ್ರೋಕರ್ 6 ಎಂದದ್ದು ಅಲ್ಲಿ 8 ಆಗಿರುವುದೂ ಉಂಟು. ನಂತರ ಎರಡರಲ್ಲಿ ಒಂದು ಮಾಡಿ. ಮಾರುವವರೇ ಹಣ ಕೊಟ್ಟು ನೋಂದಣಿಗೆ ಮುಂಚೆ ಖಾಲಿ ಮಾಡಿಸಲಿ. ಇಲ್ಲದಿದ್ದರೆ ಆ ಮೊತ್ತವನ್ನು ಬೆಲೆಯಲ್ಲಿ ಹಿಡಿದುಕೊಂಡು, ನೀವೇ ನೇರವಾಗಿ ಭೋಗ್ಯದವರಿಗೆ ಕೊಡುವುದಾಗಿ ಕ್ರಯಪತ್ರದಲ್ಲೇ ಬರೆಸಿ.

40 ಮತ್ತು 22

ಈ ಕ್ಯಾಶ್ ವಿಷಯದಲ್ಲಿ ನೀತಿ ಪಾಠ ಹೇಳುವುದಿಲ್ಲ, ನಷ್ಟ ಯಾರಿಗೆ ಎಂದು ಮಾತ್ರ ಹೇಳುತ್ತೇನೆ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ 2% ಆಗಿರುವ ನೋಂದಣಿ ಶುಲ್ಕ, ಎಲ್ಲ ಸೇರಿಸಿದರೂ 22 ಲಕ್ಷಕ್ಕೆ ನಿಮಗೆ ಉಳಿಯುವುದು ಒಂದೂವರೆ ಲಕ್ಷದ ಮೇಲೆ ಸ್ವಲ್ಪ. ಅದಕ್ಕಾಗಿ ನೀವು ಏನೇನು ಬಿಡುತ್ತೀರಿ ನೋಡಿ. ಮಾರಾಟ ಮುರಿದುಬಿದ್ದರೆ ಕೋರ್ಟಿನಲ್ಲಿ ನೀವು ಕೇಳಬಹುದಾದದ್ದು 40 ಲಕ್ಷ, 22ಕ್ಕೆ ಕಾಗದ ಇಲ್ಲ. ಬ್ಯಾಂಕು ಸಾಲದ ಮೊತ್ತ ನಿಗದಿ ಮಾಡುವಾಗಲೂ ಪತ್ರದಲ್ಲಿರುವ ಬೆಲೆಯನ್ನೇ ನೋಡುತ್ತದೆ. ಮುಂದೆ ನೀವು ಮಾರುವಾಗ ಕೊಂಡ ಬೆಲೆ 40 ಎಂದೇ ಲೆಕ್ಕ, ಆ 22 ಲಕ್ಷ ನಿಮ್ಮ ಲಾಭವಾಗಿ ಕಂಡು ತೆರಿಗೆ ಬೀಳುತ್ತದೆ. ಮಾರುವವರ ತೆರಿಗೆಯನ್ನು ನೀವು ಕಟ್ಟಿದಂತೆ. ಜೊತೆಗೆ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಮಾರುವವರಿಗೆ ಒಮ್ಮೆ ಹೇಳಿ ನೋಡಿ, ಕೆಲವರು ತಕ್ಷಣ ಚೆಕ್ ಸಾಕು ಎನ್ನುತ್ತಾರೆ.

ಪೂರ್ತಿ 62 ಲಕ್ಷ ತೋರಿಸಿದಾಗ ಇನ್ನೊಂದು ಕೆಲಸ ನಿಮ್ಮ ಮೇಲೆ ಬರುತ್ತದೆ. 50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಮನೆಗೆ ಕೊಳ್ಳುವವರೇ ಮಾರುವವರ ತೆರಿಗೆಯ ಬಾಬ್ತು 1% ಟಿಡಿಎಸ್ ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರಾಟಗಾರರು ಹಲವರಿದ್ದು ಒಬ್ಬೊಬ್ಬರ ಪಾಲು 50ಕ್ಕಿಂತ ಕಡಿಮೆ ಇದ್ದರೂ, 2024ರ ಅಕ್ಟೋಬರ್‌ನಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಪ್ರತಿಯೊಬ್ಬರ ಪ್ಯಾನ್‌ಗೆ ಬೇರೆ ಬೇರೆಯಾಗಿ ಕಟ್ಟಿ.

ಅಡ್ವಾನ್ಸ್ ಯಾವಾಗ?

ಅಡ್ವಾನ್ಸ್‌ಗೆ ಮೊದಲು ನಿಮ್ಮದೇ ವಕೀಲರಿಗೆ ಕಾಗದಗಳನ್ನು ತೋರಿಸಿ. 1989ರ ಕ್ರಯಪತ್ರದ ಅಸಲು ಪ್ರತಿಯನ್ನು ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿ ಅಸಲು ಎಲ್ಲೋ ಇದೆ ಎಂದರೆ, ಅದನ್ನು ಅಡವಿಟ್ಟು ಸಾಲ ತಂದಿರಬಹುದು. ಅದಕ್ಕಿಂತ ಹಿಂದಿನ ಮೂಲಪತ್ರಗಳು, ಭೂ ಪರಿವರ್ತನೆ ಆದೇಶ, ಬಡಾವಣೆಯ ಅನುಮೋದನೆ ಬೇಕು. ಆ ಜಾಗ ಯಾವತ್ತಾದರೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿತ್ತೇ ಎಂದೂ ಕೇಳಿ. ಅದನ್ನು ಮಾರುವುದನ್ನು ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಅಂಥ ಜಮೀನನ್ನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿ ಇಲ್ಲ. ಇಬ್ಬರ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ತರಿಸಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಅಲ್ಲೇ ನಿಲ್ಲಿ.

ಇದೆಲ್ಲ ಸರಿ ಕಂಡರೆ ಅಗ್ರಿಮೆಂಟ್ ಮಾಡಿ. ಅದಕ್ಕೂ ಎಲ್ಲರ ಸಹಿ ಬೇಕು. ಹುಡುಗಿಯ ಪಾಲಿಗೆ ಕೋರ್ಟಿನ ಅನುಮತಿ ಸಿಗುವುದು ಷರತ್ತಾಗಿರಲಿ, ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂದು ಬರೆಸಿ. ಅಗ್ರಿಮೆಂಟ್‌ನಿಂದ ಮನೆ ನಿಮ್ಮದಾಗುವುದಿಲ್ಲ. ಆದರೆ ನೋಂದಣಿ ಮಾಡಿಸಿದರೆ ಇಸಿಯಲ್ಲಿ ಕಾಣುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುವುದು ಅವರಿಗೆ ಕಷ್ಟವಾಗುತ್ತದೆ. ಅಡ್ವಾನ್ಸ್ ಚೆಕ್‌ನಲ್ಲಿರಲಿ, 5 ಲಕ್ಷ ಬೇಡ, ಒಂದು ಲಕ್ಷ ಸಾಕು. ಮನೆ ನಿಜಕ್ಕೂ ನಿಮಗೇ ಕೊಡಬೇಕೆಂದಿರುವವರು ಅಷ್ಟಕ್ಕೆ ಒಪ್ಪುತ್ತಾರೆ.

ಕೊನೆಯ ಪ್ರಶ್ನೆ, ಹೆಂಡತಿಯ ಹೆಸರು. ನಿಮ್ಮ ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಲ್ಲಿ ಕೊಂಡರೆ ಬೇನಾಮಿ ಆಗುವುದಿಲ್ಲ. ಆದರೆ ನೀವಿಬ್ಬರೂ ದುಡಿಯುತ್ತಿದ್ದೀರಿ, ಸಾಲದ ಕಂತನ್ನೂ ಇಬ್ಬರೂ ಕಟ್ಟುವವರು. ಹಾಗಾಗಿ ಇಬ್ಬರ ಹೆಸರಲ್ಲೂ ಮಾಡಿಸಿ, ಯಾರದ್ದು ಎಷ್ಟು ಪಾಲು ಎಂದು ಪತ್ರದಲ್ಲೇ ಬರೆಸಿ. ಇಬ್ಬರೂ ಒಂದೊಂದು ವಿಲ್ ಬರೆದಿಡಿ. ಇಬ್ಬರು ಸಾಕ್ಷಿಗಳು ಸಾಕು, ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಈ ಮನೆಯ ಹಿರಿಯರು ಅದೊಂದು ಹಾಳೆ ಬರೆದಿಟ್ಟಿದ್ದರೆ ನೀವು ಇಷ್ಟು ಉದ್ದದ ಪತ್ರ ಬರೆಯಬೇಕಾಗಿರಲಿಲ್ಲ.